ಕಿವಿಗೆ ಎಣ್ಣೆ ಬಿಟ್ಟ ಅಮ್ಮನ ತಪ್ಪೆಷ್ಟು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆತ ಉಡುಪಿ–ಮಂಗಳೂರು ಮಾರ್ಗದ ಖಾಸಗಿ ಬಸ್ಸಿನ ನಿರ್ವಾಹಕ. ವಯಸ್ಸು ನಲವತ್ತರ ಆಸುಪಾಸು. ಒಂದು ಬೆಳಿಗ್ಗೆ ಏಳುವಾಗ ಎಡಗಿವಿ ಕಟ್ಟಿಕೊಂಡಿತ್ತು. ಒಳಗೆ ಜೀರುಂಡೆಯಂಥ ಸದ್ದು. ಮಳೆಗಾಲದ ಶೀತವಿರಬೇಕೆಂದು ತಾಯಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಬಿಟ್ಟರು. ವಾರ ಕಳೆದು ವೈದ್ಯರಲ್ಲಿಗೆ ಹೋದರೆ ಕಿವಿಯಲ್ಲಿ ಗುಗ್ಗೆಯೇ ಇರಲಿಲ್ಲ. ಹಣೆಗಿಟ್ಟ ಶ್ರುತಿಕವೆಯ (ತಟ್ಟಿದರೆ ನಾದ ಹೊಮ್ಮಿಸುವ ಲೋಹದ ಕವೆ) ನಾದ ಬಲಗಿವಿಗೇ ಕೇಳಿಸಿತು: ತೊಂದರೆ ಒಳಗಿವಿಯದು, ನರದ್ದು. ಸ್ಟೀರಾಯ್ಡ್ ಮಾತ್ರೆ, ಬಳಿಕ ಕಿವಿತಮಟೆಯ ಮೂಲಕ ಚುಚ್ಚುಮದ್ದು. ಎಂಆರ್‌ಐಯಲ್ಲಿ ನರದ ಗಡ್ಡೆ ಕಾಣಲಿಲ್ಲ. ಕೇಳಿಸುವಿಕೆ ಅರ್ಧದಷ್ಟು ಮರಳಿತು.

ತಾಯಿ, ಮಗ ನನ್ನಲ್ಲಿಗೆ ಬಂದದ್ದು ಕಿವಿಗಾಗಿ ಅಲ್ಲ, ಮನಸ್ಸಿನ ನೋವಿಗಾಗಿ. "ನಿಮ್ಮ ಎಣ್ಣೆಯಿಂದಲೇ ಹೋಯಿತು" ಎಂದು ಮಗ ಸಿಟ್ಟಿನಲ್ಲಿ ಅಂದಿದ್ದ. ಅಂದಿನಿಂದ ತಾಯಿಗೆ ಊಟ ಸೇರುತ್ತಿರಲಿಲ್ಲ.

ಇಬ್ಬರನ್ನೂ ಕೂರಿಸಿಕೊಂಡೆ. "ಅಮ್ಮಾ, ತಮಟೆ ತೂತಾಗಿರದಿದ್ದರೆ ಎಣ್ಣೆ ಒಳಗಿವಿಗೆ ಇಳಿಯುವುದಿಲ್ಲ. ಹೀಗೆ ಹಠಾತ್ತನೆ ಕಿವಿ ಮಂದವಾಗುವ ಕಾಯಿಲೆಗೆ ಹೆಚ್ಚಿನವರಲ್ಲಿ ಕಾರಣವೇ ಸಿಗುವುದಿಲ್ಲ" ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅರ್ಧ ಸತ್ಯದ ಸಮಾಧಾನ ನೆರೆಮನೆಯವರ ಒಂದು ಮಾತಿಗೆ ಉದುರಿಹೋಗುತ್ತದೆ. ಆದ್ದರಿಂದ ತಡವಾದದ್ದನ್ನೂ ಹೇಳಿದೆ: ಮೊದಲ ಎರಡು ವಾರಗಳೊಳಗೆ, ಅದರಲ್ಲೂ ಎಷ್ಟು ಬೇಗ ಆದರೆ ಅಷ್ಟು ಬೇಗ, ಔಷಧಿ ಶುರುವಾಗಬೇಕು. ಆದರೂ ಮದ್ದೇ ಇಲ್ಲದೆ ಚೇತರಿಸಿಕೊಳ್ಳುವವರಿದ್ದಾರೆ, ಮೊದಲ ದಿನವೇ ಹೋದರೂ ಗುಣವಾಗದವರಿದ್ದಾರೆ. ಆ ಒಂದು ವಾರದಿಂದ ಎಷ್ಟು ನಷ್ಟವಾಯಿತೆಂದು ಯಾರೂ ಲೆಕ್ಕ ಹೇಳಲಾರರು. ತಾಯಿ ಅತ್ತರು, ಬಳಿಕ ನೀರು ಕೇಳಿ ಕುಡಿದರು. ಕ್ಷಮೆ ಕೇಳುವಂತೆ ಮಗನನ್ನು ನಾನು ಒತ್ತಾಯಿಸಲಿಲ್ಲ. ಹೇಳಿಸಿದ ಕ್ಷಮೆಗೆ ಬೆಲೆಯಿಲ್ಲ.

ಅವನಿಗೆ ಬೇರೆ ಕೆಲಸವಿತ್ತು. ಗಳಿಗೆಗೊಮ್ಮೆ ಕಿವಿಯ ಬಳಿ ಬೆರಳು ಉಜ್ಜಿ ಪರೀಕ್ಷಿಸುವ ಚಟ ಬಿಡಬೇಕು. ಆರನೇ ತಿಂಗಳ ಶ್ರವಣ ಪರೀಕ್ಷೆ ಆಗುವವರೆಗೆ ತೀರ್ಪು ಬೇಡ. ನಿಶ್ಶಬ್ದದಲ್ಲಿ ಕಿವಿಯ ಸದ್ದು ದೊಡ್ಡದಾಗುತ್ತದೆ, ರಾತ್ರಿ ಫ್ಯಾನ್ ತಿರುಗುತ್ತಿರಲಿ. ಒಂದೇ ಕಿವಿಯಿದ್ದರೆ ಸದ್ದಿನ ದಿಕ್ಕು ತಪ್ಪುತ್ತದೆ. ಹೆದ್ದಾರಿ ದಾಟುವಾಗ ಹಾರ್ನ್ ನಂಬದೆ ಕಣ್ಣು ನಂಬಬೇಕು. ಬಸ್ಸಿನಲ್ಲಿ ಬಲಗಿವಿ ಪ್ರಯಾಣಿಕರ ಕಡೆಗಿರುವಂತೆ ನಿಲ್ಲಬೇಕು, ಚಾಲಕನಿಗೆ ವಿಷಯ ತಿಳಿಸಬೇಕು. ಇದಕ್ಕೆ ಅವನು ಬಹಳ ನಾಚಿಕೊಂಡ, ಕೊನೆಗೆ ಒಪ್ಪಿದ. ಕೇಳಿಸುವಿಕೆ ಇನ್ನು ಮರಳದಿದ್ದರೆ ಶ್ರವಣ ಸಾಧನವಿದೆ. ಎಡಬದಿಯ ಸದ್ದನ್ನು ಬಲಗಿವಿಗೆ ದಾಟಿಸುವ ಸಾಧನವೂ ಇದೆ.

ಬಲಗಿವಿ ಕಟ್ಟಿದಂತಾದರೆ ಎಣ್ಣೆಯೂ ಬೇಡ, ನಾಳೆಯೂ ಬೇಡ, ಅಂದೇ ಆಸ್ಪತ್ರೆಗೆ ಎಂದಾಗ "ನಾನೇ ಎಳೆದುಕೊಂಡು ಹೋಗುತ್ತೇನೆ" ಎಂದರು ತಾಯಿ.