ಮೇಷ್ಟ್ರು ಎಳೆದ ಗೆರೆ

ಪ್ರಶ್ನೆ: ಮಗಳು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಫೋನ್ ಮಾಡಿದಾಗಲೆಲ್ಲ ‘ಪ್ರಾಜೆಕ್ಟ್ ಫ್ರಮ್ ಸ್ಕ್ರ್ಯಾಚ್ ಮಾಡ್ತಿದ್ದೀವಿ ಅಪ್ಪ’ ಅನ್ನುತ್ತಾಳೆ. ಸ್ಕ್ರ್ಯಾಚ್ ಅಂದರೆ ನನಗೆ ಗೊತ್ತಿರುವುದು ಬೈಕಿನ ಮೇಲೆ ಬೀಳುವ ಗೀರು. ಅದಕ್ಕೂ ಕೆಲಸ ಶುರು ಮಾಡುವುದಕ್ಕೂ ಏನು ಸಂಬಂಧ? ಕನ್ನಡದಲ್ಲಿ ಏನನ್ನಬೇಕು?
– ಓದುಗರೊಬ್ಬರು, ಮದ್ದೂರು

ಉತ್ತರ: ಇದೂ ಗೀರೇ, ಆದರೆ ನೆಲದ ಮೇಲಿನದು. ಊರಿನ ಶಾಲೆಯಲ್ಲಿ ಓಟದ ಪಂದ್ಯಕ್ಕೆ ಮುಂಚೆ ಮೇಷ್ಟ್ರು ಕೋಲು ತಗೊಂಡು ಮಣ್ಣಲ್ಲಿ ಗೆರೆ ಎಳೆಯುತ್ತಿದ್ದರಲ್ಲ, ನಾವೆಲ್ಲ ಹೆಬ್ಬೆರಳು ಅದಕ್ಕೆ ತಾಗಿಸಿ ಉಸಿರು ಹಿಡಿದು ನಿಲ್ಲುತ್ತಿದ್ದೆವು. ಅಂಥ ಗೆರೆಗೇ ಇಂಗ್ಲಿಷಿನಲ್ಲಿ ಸ್ಕ್ರ್ಯಾಚ್ ಅಂತಿದ್ದರು. 19ನೇ ಶತಮಾನದ ಕೆಲವು ಓಟಗಳಲ್ಲಿ ನಿಧಾನವಾಗಿ ಓಡುವವರನ್ನು ಒಂದಷ್ಟು ಗಜ ಮುಂದೆ ನಿಲ್ಲಿಸುತ್ತಿದ್ದರು, ಆ ರಿಯಾಯಿತಿ ಸಿಗದವನು ಮಾತ್ರ ಗೆರೆಯಿಂದಲೇ ಓಡಬೇಕಿತ್ತು. ಕುಸ್ತಿಯ ಹಾಗಿದ್ದ ಇಂಗ್ಲೆಂಡಿನ ಬರಿಗೈ ಬಾಕ್ಸಿಂಗಿನಲ್ಲೂ ಒಂದು ಗೆರೆ ಇತ್ತು. 1838ರ ಲಂಡನ್ ನಿಯಮದ ಪ್ರಕಾರ ಬಿದ್ದವನಿಗೆ 30 ಸೆಕೆಂಡು ಬಿಡುವು, ಆಮೇಲೆ 8 ಸೆಕೆಂಡಿನೊಳಗೆ ಅವನು ನಡುಗೆರೆಗೆ ಬಂದು ನಿಲ್ಲಬೇಕು. ಕೆಲಸ ಮಟ್ಟಕ್ಕೆ ಬಂದಿಲ್ಲ ಅನ್ನುವಾಗ ‘ಅಪ್ ಟು ಸ್ಕ್ರ್ಯಾಚ್’ ಇಲ್ಲ ಅಂತಾರಲ್ಲ, ಅದರಲ್ಲಿರುವುದೂ ಈ ಗೆರೆಯೇ.

ಯಾವ ರಿಯಾಯಿತಿಯೂ ಇಲ್ಲದೆ ಗೆರೆಯಿಂದಲೇ ಓಡಿದವನ ಹಾಗೆ ಕೆಲಸ ಶುರು ಮಾಡುವುದೇ ‘ಫ್ರಮ್ ಸ್ಕ್ರ್ಯಾಚ್’. ಹಾಗಾಗಿ ಇದಕ್ಕೆ ಸುಮ್ನೆ ‘ಮೊದಲಿನಿಂದ’ ಅಂದರೆ ಸಾಲದು. ಸಿನಿಮಾವನ್ನು ಮೊದಲಿನಿಂದ ನೋಡಬಹುದು, ಫ್ರಮ್ ಸ್ಕ್ರ್ಯಾಚ್ ನೋಡೋಕಾಗಲ್ಲ. ಬೇರೆಯವರು ಮಾಡಿಟ್ಟಿದ್ದು ಏನೂ ಕೈಯಲ್ಲಿಲ್ಲದೆ ಶುರು ಮಾಡುವುದು, ಇದೇ ಅದರ ಜೀವ. ಯುಗಾದಿಗೆ ಮನೆಯಲ್ಲಿ ಬೇಳೆ ಬೇಯಿಸಿ, ಬೆಲ್ಲ ಹಾಕಿ ಹೂರಣ ರುಬ್ಬಿ, ಕಣಕ ನಾದಿ ಎಣ್ಣೆಯಲ್ಲಿ ನೆನೆಯಲು ಬಿಟ್ಟು ಒಬ್ಬಟ್ಟು ತಟ್ಟಿದರೆ ಅದು ಫ್ರಮ್ ಸ್ಕ್ರ್ಯಾಚ್. ಬೆಲ್ಲ ಆಲೆಮನೆಯಿಂದ ಬಂದಿದ್ದರೂ ಪರವಾಗಿಲ್ಲ, ಕಬ್ಬು ನೀವೇ ಅರೆಯಬೇಕಿಲ್ಲ. ಹೂರಣ ಮಾತ್ರ ಅಂಗಡಿಯಿಂದ ತಂದಿದ್ದಾದರೆ ಆ ಮಾತು ಒಪ್ಪುವುದಿಲ್ಲ.

ಮಾಡಿದ್ದೆಲ್ಲ ಹಾಳಾಗಿ ಮತ್ತೆ ಮಾಡಬೇಕಾದಾಗಲೂ ಇದನ್ನೇ ಬಳಸುತ್ತಾರೆ.

ಕನ್ನಡದಲ್ಲಿ ಇದಕ್ಕೆ ಒಂದೇ ಮಾತು ಹುಡುಕಬೇಡಿ, ‘ಗೀರಿನಿಂದ’ ಅಂತ ಬರೆಯಲೂಬೇಡಿ, ಯಾರಿಗೂ ತಿಳಿಯಲ್ಲ. ವ್ಯಾಪಾರವಾದರೆ ‘ಬರಿಗೈಲಿ ಶುರು ಮಾಡಿದ’, ಕಲಿಯುವುದಾದರೆ ‘ಅ ಆ ಇ ಈಯಿಂದ’, ಕೆಟ್ಟುಹೋದ ಕೆಲಸವಾದರೆ ‘ಮತ್ತೆ ಬುಡದಿಂದ’. ‘ಶ್ರೀಕಾರ ಹಾಕಿದರು’ ಅನ್ನುವುದು ಇಲ್ಲಿ ಸರಿಹೋಗಲ್ಲ, ಕೈತುಂಬ ದುಡ್ಡಿದ್ದವರೂ ಶ್ರೀಕಾರ ಹಾಕಬಹುದು ಅಲ್ವಾ? ನಿಮ್ಮ ಮಗಳು ಹೇಳುತ್ತಿರುವುದು ‘ಎಲ್ಲಾ ನಾವೇ ಕೂತು ಮಾಡ್ತಿದ್ದೀವಿ ಅಪ್ಪ’ ಅಂತ.