ತಾಳ ತಪ್ಪುವ ಆನ್‌ಲೈನ್ ಭಜನೆ

ಪ್ರಶ್ನೆ: ನಮ್ಮ ಭಜನಾ ಮಂಡಳಿಯಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಜೋರು ಮಳೆಗೆ ಹೊರಗೆ ಬರಲಾಗದೆ ಶನಿವಾರ ಝೂಮ್‌ನಲ್ಲಿ ಸೇರುತ್ತೇವೆ. ಒಟ್ಟಿಗೆ ಹಾಡಿದರೆ ಬರೀ ಗದ್ದಲ. ತಾಳದ ಸದ್ದಂತೂ ಮಾಯ. ಇದೂ ಭಜನೆಯೇ?
– ಓದುಗರೊಬ್ಬರು, ಪುತ್ತೂರು

ಉತ್ತರ: ಅಕ್ಕಾ, ತಪ್ಪು ನಿಮ್ಮದಲ್ಲ. ಇಂಟರ್ನೆಟ್‌ನಲ್ಲಿ ಒಬ್ಬರ ದನಿ ಇನ್ನೊಬ್ಬರ ಮನೆಗೆ ತಲುಪುವಾಗ ಚೂರು ತಡವಾಗುತ್ತದೆ. ಮಾತಾಡುವಾಗ ಅದು ಗೊತ್ತಾಗುವುದಿಲ್ಲ, ತಾಳ ಹಾಕಿದ ಕೂಡಲೇ ಗೊತ್ತಾಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ನಾವೂ ಹೀಗೇ ಒದ್ದಾಡಿದೆವು. ಒಬ್ಬರು ಪಲ್ಲವಿಯಲ್ಲಿ, ಇನ್ನೊಬ್ಬರು ಚರಣದಲ್ಲಿ!

ಕೊನೆಗೆ ಹೀಗೆ ಮಾಡಿದೆವು. ಹೇಳಿಕೊಡುವ ಒಬ್ಬರ ಮೈಕ್ ಮಾತ್ರ ಆನ್. ಉಳಿದವರು ಮ್ಯೂಟ್‌ನಲ್ಲಿದ್ದು, ಅವರ ದನಿಗೆ ತಮ್ಮ ಮನೆಯಲ್ಲೇ ಗಟ್ಟಿಯಾಗಿ ಹಾಡುವುದು. ತಾಳವೂ ಹೇಳಿಕೊಡುವವರ ಕೈಯಲ್ಲೇ ಇರಲಿ. ಝೂಮ್ ತಾಳದ ಸದ್ದನ್ನು ಗಲಾಟೆ ಎಂದುಕೊಂಡು ಅಳಿಸಿಹಾಕುತ್ತದೆ, ಪಾಪ ಅದಕ್ಕೇನು ಗೊತ್ತು. ಸೆಟ್ಟಿಂಗ್ಸ್‌ನಲ್ಲಿ 'ಒರಿಜಿನಲ್ ಸೌಂಡ್' ಆನ್ ಮಾಡಿದರೆ ಕೇಳುತ್ತದೆ. ಮೊಮ್ಮಕ್ಕಳನ್ನು ಕೂರಿಸಿಕೊಂಡು ಮಾಡಿಸಿ. ಪುಕ್ಕಟೆ ಖಾತೆಯಾದರೆ 40 ನಿಮಿಷಕ್ಕೆ ಕಟ್. ನಮ್ಮದು ಒಮ್ಮೆ ಮಂಗಳಾರತಿಯ ನಡುವೆಯೇ ನಿಂತಿತ್ತು.

ಇದು ಭಜನೆಯೇ ಅಂತೀರಾ? ಹೌದು, ಆದರೆ ಅರ್ಧ. ಪಕ್ಕದವರ ದನಿ ಕಿವಿಗೆ ಬೀಳದ ಕೊರತೆ ಇದ್ದೇ ಇದೆ, ಸುಳ್ಳು ಯಾಕೆ ಹೇಳಲಿ? ಅದಕ್ಕೇ ಕೊನೆಯ ಐದು ನಿಮಿಷ ಎಲ್ಲರ ಮೈಕ್ ಆನ್ ಮಾಡಿಬಿಡಿ. ತಾಳ ತಪ್ಪಲಿ. ನಮ್ಮಲ್ಲಿ ಆಗ ಯಾರದೋ ಕುಕ್ಕರ್ ಸೀಟಿಯೂ ಸೇರುತ್ತಿತ್ತು.