ಜೀಪಕ್ಕನ ಅಂಚೆ: ಲೋ ಗೇರು, ತಗ್ಗಿಸಿದ ಗಾಳಿ, ಅಮ್ಮನ ಗಂಟುನೋವು

ಈ ಸಲದ ಅಂಚೆಯಲ್ಲಿ ಫೋರ್ ವೀಲ್ ಗಾಡಿಯದ್ದೇ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿಯದ್ದೇ ಕಾರುಬಾರು. ಮೊದಲು ನಿಮ್ಮ ಪ್ರಶ್ನೆ, ಕೆಳಗೆ ನನ್ನ ಉತ್ತರ. ಅಡಿಕೆಯ ಕೊಳೆರೋಗದ ಬಗ್ಗೆ ಬರೆದವರು ಬೇಸರ ಮಾಡಿಕೊಳ್ಳಬೇಡಿ, ಅದು ಮುಂದಿನ ಸಂಚಿಕೆಗೆ.

ಹೊಸಬರಿಗೆ ಒಂದು ಮಾತು. ನಾನು ಮೆಕ್ಯಾನಿಕ್ ಅಲ್ಲ. ಹೆಬ್ರಿ ಹತ್ತಿರ ನಮ್ಮದು ಅಡಿಕೆ ತೋಟ. ಡಾಂಬರು ರಸ್ತೆಯಿಂದ ಮನೆಗೆ ಒಂದೂಕಾಲು ಕಿಲೋಮೀಟರ್ ಮಣ್ಣಿನ ದಾರಿ. ನಡುವೆ ಎರಡು ತೋಡು, ಒಂದು ಮುರಕಲ್ಲಿನ ಏರು. ಅಪ್ಪಯ್ಯ ಹಳೇ ಮಹೀಂದ್ರಾ ಎಂಎಂ 540 ಜೀಪು ತಂದ ವರ್ಷದಿಂದ ಆ ದಾರಿಯಲ್ಲಿ ಓಡಿಸುತ್ತಿದ್ದೇನೆ. ಆಮೇಲೆ ಹದಿಮೂರು ವರ್ಷ ಜಿಪ್ಸಿ. ಈಗ ಥಾರ್. ಅದು ಮಗನದ್ದು, ಆದರೆ ಕೀಲಿ ಇರುವುದು ನನ್ನ ಸೆರಗಿನಲ್ಲಿ.

ಅಕ್ಕ, ನಾನು ಮಂಗಳೂರಿನ ಬಿಜೈಯಲ್ಲಿದ್ದೇನೆ, ಐಟಿ ಕೆಲಸ. ಮನೆಯಲ್ಲಿ ಹೆಂಡತಿ, ನಾಲ್ಕು ವರ್ಷದ ಮಗಳು, ಅಮ್ಮ. ವಾರದ ಕೊನೆಗೆ ಘಟ್ಟದ ಕಚ್ಚಾ ದಾರಿಗಳಲ್ಲಿ ಹೋಗುವ ಆಸೆ. ಥಾರ್, ಜಿಮ್ನಿ, ಗೂರ್ಖಾ ಮೂರರಲ್ಲಿ ಯಾವುದು ಒಳ್ಳೆಯದು? ಅಮ್ಮನಿಗೆ ಗಂಟುನೋವು, ಅವರು ಹೆಚ್ಚಾಗಿ ಬರುವುದಿಲ್ಲ.

ತಮ್ಮಾ, ಕೊನೆಯ ಸಾಲನ್ನು ನೀನು ಮೊದಲು ಬರೆಯಬೇಕಿತ್ತು. ಅಮ್ಮ ಘಟ್ಟಕ್ಕೆ ಬರಲಿಕ್ಕಿಲ್ಲ. ಆದರೆ ಆಸ್ಪತ್ರೆಗೆ, ಮದುವೆಗೆ, ಕಟೀಲಿಗೆ ಬರುತ್ತಾರಲ್ವಾ? ಮೂರು ಬಾಗಿಲಿನ ಥಾರ್‌ನಲ್ಲಿ ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ, ಬಗ್ಗಿ, ಹತ್ತಿ ನುಸುಳಬೇಕು. ಗಂಟುನೋವಿನವರಿಗೆ ಅದು ಆಗುವ ಕೆಲಸ ಅಲ್ಲ. ನನ್ನ ಅತ್ತೆ ಒಂದೇ ಸಲ ಹತ್ತಿದ್ದು. ಇಳಿಯುವಾಗ ಅವರು ಹೇಳಿದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಹಾಗಾಗಿ ನಿನಗೆ ಉಳಿಯುವುದು ಐದು ಬಾಗಿಲಿನವು. ಜಿಮ್ನಿ, ಥಾರ್ ರಾಕ್ಸ್, ಐದು ಬಾಗಿಲಿನ ಗೂರ್ಖಾ.

ಜಿಮ್ನಿ 2023ರಲ್ಲಿ ಬಂತು. ಅದರ ದೊಡ್ಡ ಗುಣ ಹಗುರ ಮೈ. ತೂಕ ಸುಮಾರು 1,200 ಕಿಲೋ. ಕೆಸರಿನಲ್ಲಿ ಭಾರದ ಗಾಡಿ ಹೂತುಹೋಗುವ ಕಡೆ ಇದು ಮೇಲೆ ಮೇಲೆಯೇ ದಾಟುತ್ತದೆ. ಸಿಕ್ಕಿಬಿದ್ದರೂ ನಾಲ್ಕು ಜನ ಸೇರಿ ನೂಕಬಹುದು. ಅಗಲ 1,645 ಮಿಲಿಮೀಟರ್. ಮೂರು ಬಾಗಿಲಿನ ಥಾರ್ 1,820. ಪೇಟೆಯವರಿಗೆ ಈ ಏಳು ಇಂಚು ಏನೂ ಅಲ್ಲ. ಒಂದು ಕಡೆ ತೋಡು, ಇನ್ನೊಂದು ಕಡೆ ಅಡಿಕೆ ಸಾಲು ಇರುವ ದಾರಿಯಲ್ಲಿ ಕನ್ನಡಿ ಉಳಿಯುವುದು ಅಥವಾ ಮುರಿಯುವುದು ಈ ಏಳು ಇಂಚಿನಲ್ಲೇ. ಕೊರತೆ ಎಂತ ಅಂದರೆ ಅದರ ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್ನು. ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, 134 ನ್ಯೂಟನ್ ಮೀಟರ್. ಥಾರ್ ಡೀಸೆಲ್‌ನದ್ದು 300. ನಾಲ್ಕು ಜನ, ಚೀಲ, ಏಸಿ ಹಾಕಿ ಚಾರ್ಮಾಡಿ ಹತ್ತುವಾಗ ಎಂಜಿನ್ನು ಕೂಗುತ್ತದೆ, ನೀನು ಗೇರು ಇಳಿಸುತ್ತಲೇ ಇರಬೇಕು. ಕೂರಲಿಕ್ಕೂ ನಾಲ್ಕೇ ಜನ. ನಿಮ್ಮ ಮನೆಗೆ ಸರಿಯಾಗುತ್ತದೆ, ಭಾವ ಬಂದರೆ ಇಲ್ಲ.

ರಾಕ್ಸ್ 2024ರದ್ದು. ಐದು ಜನ, ಒಳ್ಳೆಯ ಸೀಟು. ಮನೆಬಳಕೆಗೆ ಮೂರರಲ್ಲಿ ಇದೇ ಹಿತ. ಆದರೆ ಫೋರ್ ವೀಲ್ ಬೇಕಾದರೆ ಡೀಸೆಲ್ಲೇ ತೆಗೆಯಬೇಕು. ಪೆಟ್ರೋಲ್ ರಾಕ್ಸ್‌ನಲ್ಲಿ ತಿರುಗುವುದು ಹಿಂದಿನ ಚಕ್ರ ಮಾತ್ರ. ಮೂರು ಬಾಗಿಲಿನ ಥಾರ್‌ನಲ್ಲೂ 2023ರಿಂದ ಹಿಂದಿನ ಚಕ್ರದ್ದು ಮಾತ್ರ ಇರುವ ಮಾದರಿ ಉಂಟು, ಹೊರಗಿನಿಂದ ನೋಡಿದರೆ ಒಂದೇ ಥರ. ಸೆಕೆಂಡ್ ಹ್ಯಾಂಡ್ ಥಾರ್ ನೋಡುವವರು ಬಣ್ಣ, ಚಕ್ರ ಆಮೇಲೆ ನೋಡಿ. ಮೊದಲು ಗೇರಿನ ಪಕ್ಕದಲ್ಲಿ ಫೋರ್ ವೀಲ್ ಹಾಕುವ ಎರಡನೇ ಸಣ್ಣ ಲಿವರ್ ಇದೆಯಾ ನೋಡಿ. ಇನ್ನೊಂದು ವಿಷಯ, ರಾಕ್ಸ್‌ನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2,850 ಮಿಲಿಮೀಟರ್. ಚೂಪಾದ ದಿಬ್ಬ ದಾಟುವಾಗ ಹೊಟ್ಟೆ ತಾಗುವ ಸಂಭವ ಗಿಡ್ಡ ಥಾರ್‌ಗಿಂತ ಜಾಸ್ತಿ.

ಗೂರ್ಖಾ ಬೇರೆಯೇ ಜಾತಿ. ಮುಂದೆ, ಹಿಂದೆ ಎರಡೂ ಆಕ್ಸಲ್‌ಗೆ, ಅಂದರೆ ಜೋಡಿ ಚಕ್ರದ ಅಚ್ಚಿಗೆ, ಲಾಕ್ ಉಂಟು. ಈ ಲಾಕ್ ಯಾಕೆ ಅಂದರೆ, ಹೊಂಡದಲ್ಲಿ ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಗಾಳಿಯಲ್ಲಿ ಎದ್ದವು ಅಂತಿಟ್ಟುಕೊಳ್ಳಿ. ಎದ್ದ ಚಕ್ರಗಳು ಸುಮ್ನೆ ಗಿರಗಿರ ತಿರುಗುತ್ತವೆ. ನೆಲದ ಮೇಲಿರುವ ಎರಡು ಅಲ್ಲಾಡುವುದೇ ಇಲ್ಲ. ಫೋರ್ ವೀಲ್ ಹಾಕಿದ್ದರೂ ಇಲ್ಲ. ಎಡ ಬಲ ಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್ ಲಾಕ್ ಮಾಡಿದರೆ ಎರಡೂ ಬದಿಯ ಚಕ್ರ ಒಟ್ಟಿಗೇ ತಿರುಗಲೇಬೇಕು, ಗಾಡಿ ಎದ್ದು ಬರುತ್ತದೆ. ಥಾರ್‌ನಲ್ಲಿ ಕೆಲವು ಮಾದರಿಗೆ ಹಿಂದೆ ಮಾತ್ರ ಲಾಕ್, ಅದೂ ತಾನಾಗಿಯೇ ಹಿಡಿಯುವಂಥದ್ದು. ಜಿಮ್ನಿಯಲ್ಲಿ ಲಾಕ್ ಇಲ್ಲ, ಎದ್ದ ಚಕ್ರಕ್ಕೆ ಬ್ರೇಕು ಹಿಡಿದು ಕೆಲಸ ಸಾಗಿಸುತ್ತದೆ. ನಮ್ಮ ಕಡೆಯ ದಾರಿಗೆ ಅಷ್ಟು ಸಾಕು. ನಿಜವಾದ ಬಂಡೆ ಹತ್ತುವವರಿಗೆ ಗೂರ್ಖಾ. ದಿನಾ ಪಂಪ್‌ವೆಲ್ ಟ್ರಾಫಿಕ್ಕಿನಲ್ಲಿ ಅದನ್ನು ಓಡಿಸುವ ತಾಳ್ಮೆ ನಿನಗುಂಟಾ, ನನಗೆ ಗೊತ್ತಿಲ್ಲ. ಅದಕ್ಕೆ ಆಟೋಮ್ಯಾಟಿಕ್ ಗೇರೂ ಇಲ್ಲ.

ನನ್ನನ್ನೇ ಕೇಳಿದರೆ, ನಿನಗೆ ಜಿಮ್ನಿ. ಜಿಪ್ಸಿ ಓಡಿಸಿದವಳ ಪಕ್ಷಪಾತ ಅಂತ ಬೇಕಾದರೆ ಅಂದುಕೋ.

ಹೋಗುವುದು ಎಲ್ಲಿಗೆ ಅನ್ನುವುದನ್ನೂ ನೋಡು. ಕುದುರೆಮುಖದ ಹುಲ್ಲುಗಾವಲಿಗೆ ಗಾಡಿ ನುಗ್ಗಿಸುವ ಯೋಚನೆ ಇದ್ದರೆ ಈಗಲೇ ಬಿಡು. ಅದು ರಾಷ್ಟ್ರೀಯ ಉದ್ಯಾನ. ಅನುಮತಿ ಇಲ್ಲದೆ ಒಳಗೆ ಹೋದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸು. ಕೇಸಿನ ಮಾತು ಬಿಡು, ಒಂದು ಮಳೆಗಾಲದಲ್ಲಿ ಚಕ್ರದ ಗೆರೆ ಬಿದ್ದರೆ ಮುಂದಿನ ಮಳೆಗಾಲಕ್ಕೆ ಅದು ನೀರಿನ ಕಾಲುವೆ. ಕೊಡಚಾದ್ರಿಗೆ ಕೊಲ್ಲೂರಿನಿಂದ ಬಾಡಿಗೆ ಜೀಪಿನಲ್ಲಿ ಹೋಗು. ಬೆಟ್ಟ 1,343 ಮೀಟರ್. ಚಾಲಕನ ಪಕ್ಕದ ಸೀಟು ಕೇಳಿ ತೆಗೆದುಕೋ. ದಾರಿ ನೋಡಬೇಡ, ಅವರ ಕಾಲು ನೋಡು. ಎಷ್ಟು ಕಡಿಮೆ ಬ್ರೇಕು ತುಳಿಯುತ್ತಾರೆ ಅಂತ ಗೊತ್ತಾಗುತ್ತದೆ. ಆಮೇಲೆ ಪರಿಚಯದವರ ರಬ್ಬರ್ ತೋಟ ಇದ್ದರೆ ಕೇಳಿಕೊಂಡು ಅಲ್ಲಿ ಕಲಿ.

ಅಕ್ಕ, ಉಡುಪಿಯಿಂದ ತೀರ್ಥಹಳ್ಳಿಗೆ ತಿಂಗಳಿಗೆರಡು ಸಲ ಥಾರ್‌ನಲ್ಲಿ ಒಬ್ಬಳೇ ಹೋಗುತ್ತೇನೆ. ಮಳೆಯಲ್ಲಿ ಆಗುಂಬೆ ಘಾಟಿಯಲ್ಲಿ ಜಾರಬಾರದು ಅಂತ 4ಎಚ್ (ಮಾಮೂಲು ವೇಗದ ಫೋರ್ ವೀಲ್) ಹಾಕುತ್ತೇನೆ. ತಿರುವಿನಲ್ಲಿ ಸ್ಟೇರಿಂಗ್ ಗಟ್ಟಿಯಾಗಿ, ಗಾಡಿ ಎಳೆದಂತೆ ಆಗುತ್ತದೆ. ಏನಾದರೂ ಹಾಳಾಗಿದೆಯಾ?

ಹಾಳಾಗಿಲ್ಲ. ನೀವು ಹೀಗೇ ಮುಂದುವರಿಸಿದರೆ ಆಗುತ್ತದೆ.

ಥಾರ್, ಜಿಮ್ನಿ ಇಂಥ ಗಾಡಿಗಳಲ್ಲಿ 4ಎಚ್ ಹಾಕಿದ ಕೂಡಲೇ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಒಂದಕ್ಕೊಂದು ಕಟ್ಟಿದ ಹಾಗೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕು. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಡಾಂಬರಿನಲ್ಲಿ ಅಷ್ಟು ಸುಲಭಕ್ಕೆ ಜಾರುವುದಿಲ್ಲ. ಆ ಎಳೆದಾಟವೆಲ್ಲ ಶಾಫ್ಟು, ಗೇರುಗಳ ಮೇಲೆ ಬೀಳುತ್ತದೆ. ಆಗುಂಬೆಯಲ್ಲಿ ಹದಿನಾಲ್ಕು ತಿರುವು, ಒಂದಕ್ಕಿಂತ ಒಂದು ಗಿಡ್ಡ. ಹದಿನಾಲ್ಕು ಸಲ ನೀವು ನಿಮ್ಮ ಗಾಡಿಯನ್ನು ಹಿಂಡುತ್ತಿದ್ದೀರಿ.

ಮಳೆಯ ಡಾಂಬರಿಗೆ 2ಎಚ್, ಅಂದರೆ ಹಿಂದಿನ ಎರಡು ಚಕ್ರದ ಬಲ, ಸಾಕು. ಒಳ್ಳೆಯ ಟಯರು, ಎರಡನೇ ಗೇರು, ಅವಸರ ಇಲ್ಲದಿರುವುದು. ಫೋರ್ ವೀಲ್ ಹಾಕಿದರೆ ಬ್ರೇಕು ಬೇಗ ಹಿಡಿಯುವುದಿಲ್ಲ. ನಿಲ್ಲಿಸುವುದು ಟಯರು, ಮುಂದೆ ಹಿಂದೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಅಲ್ಲ. ಮಣ್ಣು ಕುಸಿದು ರಸ್ತೆ ಮೇಲೆ ಕೆಸರು ಹರಡಿದ್ದರೆ ಆ ಜಾಗಕ್ಕೆ ಮಾತ್ರ ಹಾಕಿ, ದಾಟಿದ ಮೇಲೆ ತೆಗೆಯಿರಿ.

ಬೆಳ್ತಂಗಡಿ ಹತ್ತಿರ ನಮ್ಮ ಮನೆಗೆ ಕಡಿದಾದ ಏರು. ಮಳೆಗಾಲದಲ್ಲಿ ಪಾಚಿ, ಜೇಡಿಮಣ್ಣು. ಮೊನ್ನೆ ಹಳೇ ಜೀಪು ಅರ್ಧದಲ್ಲಿ ನಿಂತಿತು. ತಿರುಗಿಸಿ ಇಳಿಸಲು ಹೋದೆ, ಪಲ್ಟಿ ಆಗುವುದು ಸ್ವಲ್ಪದರಲ್ಲಿ ತಪ್ಪಿತು. ದೊಡ್ಡ ಟಯರು ಹಾಕಿಸಿದರೆ ಸರಿಯಾಗುತ್ತದಾ?

ಅಣ್ಣಾ, ನಿಮ್ಮ ಮನೆದೇವರಿಗೆ ಒಂದು ಕಾಯಿ ಒಡೆಯಿರಿ, ಆಮೇಲೆ ಟಯರಿನ ಮಾತು.

ಏರಿನಲ್ಲಿ ನಿಂತ ಗಾಡಿಯನ್ನು ಅಡ್ಡ ತಿರುಗಿಸಲೇಬಾರದು. ಎದುರಿಗೆ ನಿಂತ ಜೀಪು ಗುಡ್ಡ ಹಿಡಿದುಕೊಂಡಿರುತ್ತದೆ. ಅಡ್ಡ ತಿರುಗಿದ ಜೀಪು ಉರುಳಲು ಕಾಯುತ್ತಿರುತ್ತದೆ. ನಿಂತರೆ ಬ್ರೇಕು ಗಟ್ಟಿ ತುಳಿಯಿರಿ. ಲೋ ಗೇರಿನಲ್ಲಿ, ಅಂದರೆ ಸಣ್ಣ ಲಿವರಿನಿಂದ ಹಾಕುವ ಕಡಿಮೆ ವೇಗ, ಜಾಸ್ತಿ ಬಲದ ಗೇರಿನಲ್ಲಿ, ರಿವರ್ಸ್ ಹಾಕಿ. ಕ್ಲಚ್ ಪೂರ್ತಿ ಬಿಡಿ, ಆಮೇಲೆ ಮೆಲ್ಲಗೆ ಬ್ರೇಕು ಬಿಡಿ. ಎಂಜಿನ್ನೇ ಹಿಡಿದುಕೊಂಡು ನೇರ ಹಿಂದೆ ಇಳಿಸುತ್ತದೆ. ನ್ಯೂಟ್ರಲ್ ಮಾಡಿ ಬ್ರೇಕಿನಲ್ಲೇ ಇಳಿಸಿದರೆ ಚಕ್ರ ನಿಂತು ಗಾಡಿ ಜಾರುತ್ತದೆ, ಜಾರುವ ಗಾಡಿ ಸ್ಟೇರಿಂಗಿನ ಮಾತು ಕೇಳುವುದಿಲ್ಲ. ಮುಂದೆ ಮುಖ ಮಾಡಿ ಇಳಿಯುವಾಗಲೂ ಅಷ್ಟೇ. ಲೋ ಫಸ್ಟು, ಕ್ಲಚ್ಚಿನ ಮೇಲೆ ಕಾಲು ಬೇಡ. ಹಿಂಭಾಗ ಪಕ್ಕಕ್ಕೆ ಎಳೆಯಲು ಶುರುವಾದರೆ ಬ್ರೇಕಲ್ಲ, ಒಂಚೂರು ಆಕ್ಸಿಲರೇಟರ್ ಕೊಡಿ. ಚಕ್ರ ಮತ್ತೆ ತಿರುಗಿ ಹಿಡಿತ ಸಿಗುತ್ತದೆ. ಇದನ್ನು ನಂಬಲು ನನಗೇ ಒಂದು ಮಳೆಗಾಲ ಬೇಕಾಯಿತು.

ಹೆಬ್ಬೆರಳು ಸ್ಟೇರಿಂಗಿನ ಒಳಗೆ ಹಾಕಬೇಡಿ. ಪವರ್ ಸ್ಟೇರಿಂಗ್ ಇಲ್ಲದ ಜೀಪು ಕಲ್ಲಿಗೆ ತಾಗಿದರೆ ಸ್ಟೇರಿಂಗು ಗಿರ್ರನೆ ತಿರುಗಿ ಬೆರಳು ಮುರಿಯುತ್ತದೆ.

ಟಯರಿನ ವಿಷಯ. ದೊಡ್ಡದು ಹಾಕುವ ಮೊದಲು ಇರುವ ಟಯರಿನ ಗಾಳಿ ತೆಗೆದು ನೋಡಿ. 30 ಪಿಎಸ್‌ಐ ಹತ್ತಿರ ಇರುವುದನ್ನು 20ಕ್ಕೆ ಇಳಿಸಿದರೆ ಟಯರು ಚಪ್ಪಟೆಯಾಗಿ ಜಾಸ್ತಿ ನೆಲ ಹಿಡಿಯುತ್ತದೆ. ಖರ್ಚು ಸೊನ್ನೆ. ಇನ್ನೂ ಇಳಿಸಬೇಡಿ, ಮುರಕಲ್ಲಿನ ಅಂಚು ಟಯರಿನ ಪಕ್ಕವನ್ನು ಕೊಯ್ಯುತ್ತದೆ. ಡಾಂಬರಿಗೆ ಬರುವ ಮೊದಲು ಮತ್ತೆ ತುಂಬಿಸಿ. ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಪಂಪು ಒಂದು ಇಟ್ಟುಕೊಳ್ಳಿ. ನಿಮ್ಮದು ಹಳೇ ಜೀಪು ಅಂತೀರಿ. ಮುಂದಿನ ಚಕ್ರದ ಹಬ್ಬು ಕೈಯಲ್ಲಿ ತಿರುಗಿಸುವಂಥದ್ದಾದರೆ ಅದನ್ನು ಲಾಕ್ ಮಾಡಿದ್ದಿರಾ? ಮಾಡದಿದ್ದರೆ ಮುಂದಿನ ಚಕ್ರಕ್ಕೆ ಬಲವೇ ಹೋಗುವುದಿಲ್ಲ. ಲಿವರ್ ಹಾಕಿ, ಹಬ್ಬು ಮರೆತು, ಗಾಡಿ ಹತ್ತುವುದಿಲ್ಲ ಅಂತ ಬೈದವರು ನಮ್ಮ ಊರಲ್ಲೇ ಮೂರು ಜನ ಇದ್ದಾರೆ.

ಮತ್ತೆ, ಪಾಚಿಯನ್ನು ಕೆರೆಸಿ. ಎರಡು ಚಕ್ರದ ಸಾಲಿಗೆ ಜಲ್ಲಿ, ಮುರಕಲ್ಲಿನ ಚೂರು ಹಾಕಿಸಿ, ಬದಿಯಲ್ಲಿ ನೀರು ಹೋಗಲು ಕಣಿ ತೆಗೆಸಿ. ಟಯರಿನ ದುಡ್ಡಿನಲ್ಲಿ ಅರ್ಧವೂ ಆಗಲಿಕ್ಕಿಲ್ಲ.

ಥಾರ್ 650 ಮಿಲಿಮೀಟರ್ ನೀರಿನಲ್ಲಿ ಹೋಗುತ್ತದೆ, ಗೂರ್ಖಾ 700 ಅಂತ ಕಂಪನಿಯವರೇ ಹೇಳುತ್ತಾರೆ. ಹಾಗಾದರೆ ಮೊಣಕಾಲುದ್ದದ ಹೊಳೆ ಧೈರ್ಯವಾಗಿ ದಾಟಬಹುದಲ್ವಾ? – ಪುತ್ತೂರಿನ ವಿದ್ಯಾರ್ಥಿ

ಆ ಅಳತೆ ನಿಂತ ನೀರಿಗೆ, ಗಟ್ಟಿ ತಳಕ್ಕೆ. ಹರಿಯುವ ನೀರು ಬೇರೆ. ಎರಡಡಿ ಹರಿಯುವ ನೀರು ಜೀಪನ್ನೂ ಎತ್ತಿಕೊಂಡು ಹೋಗುತ್ತದೆ. ಆಷಾಢದಲ್ಲಿ ನೀರು ಕೆಂಪಾಗಿದ್ದರೆ ತಳವೇ ಕಾಣುವುದಿಲ್ಲ. ಮೊದಲು ಒಂದು ಕೋಲು ಹಿಡಿದು ನಡೆದು ದಾಟಿ ನೋಡು. ನಿನ್ನ ಕಾಲು ನಿಲ್ಲದ ಕಡೆ ಗಾಡಿ ಇಳಿಸಬೇಡ.

ನನ್ನ ಕಥೆ ಕೇಳು. ಆಗ ನನಗೆ ಇಪ್ಪತ್ತೊಂದು. ಜುಲೈ ತಿಂಗಳು. ನಮ್ಮ ಎರಡನೇ ತೋಡಿನಲ್ಲಿ ಮೊಣಕಾಲಿಗಿಂತ ಸ್ವಲ್ಪ ಮೇಲೆ ನೀರು. ನೆಂಟರ ಹುಡುಗಿಯರು ಹಿಂದೆ ಕೂತಿದ್ದರು. ನೀರು ಎರಡೂ ಬದಿಗೆ ಹಾರಲಿ ಅಂತ ಸೆಕೆಂಡಿನಲ್ಲಿ ಜೋರಾಗಿ ನುಗ್ಗಿಸಿದೆ. ಹಾರಿತು. ಬಾನೆಟ್ ಮೇಲೂ ಬಂತು. ಎಂಜಿನ್ನು ಗಕ್ಕನೆ ನಿಂತಿತು. ಅಲ್ಲಿಗೆ ಬಿಟ್ಟಿದ್ದರೆ ಬದುಕುತ್ತಿತ್ತು. ನಾಚಿಕೆಗೆ ಮತ್ತೆ ಸ್ಟಾರ್ಟ್ ಮಾಡಿದೆ. ಟಣ್ ಅಂತ ಒಂದು ಸದ್ದು. ಸಿಲಿಂಡರ್‌ಗೆ ನುಗ್ಗಿದ ನೀರನ್ನು ಪಿಸ್ಟನ್ ಒತ್ತಲಾಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನಮ್ಮದು ಬಗ್ಗಿತು. ಆ ವರ್ಷದ ಅಡಿಕೆ ದುಡ್ಡಿನ ಒಂದು ಪಾಲು ಎಂಜಿನ್ನಿಗೆ ಹೋಯಿತು. ಅಪ್ಪಯ್ಯ ಬೈಯಲಿಲ್ಲ. ಎರಡು ದಿನ ಮಾತಾಡಲಿಲ್ಲ.

ಹಾಗಾಗಿ ಲೋ ಗೇರು, ನಡೆಯುವ ವೇಗ, ಮುಂದೆ ಒಂದು ಸಣ್ಣ ಅಲೆ ಎದ್ದರೆ ಸಾಕು. ನಡುವೆ ಗೇರು ಬದಲಿಸಬೇಡ. ನಿಂತರೆ ಸ್ಟಾರ್ಟ್ ಮಾಡಬೇಡ, ಹಗ್ಗ ಕಟ್ಟಿ ಎಳೆಸು. ಎಳೆಯುವಾಗ ಹಗ್ಗದ ಮೇಲೆ ಒದ್ದೆ ಗೋಣಿ ಹಾಕಿ, ಜನರನ್ನು ದೂರ ಕಳಿಸು. ತುಂಡಾದ ಹಗ್ಗ ಚಾಟಿಯ ಹಾಗೆ ಬೀಸುತ್ತದೆ, ಗೋಣಿ ಇದ್ದರೆ ಅಷ್ಟು ಎತ್ತರಕ್ಕೆ ಹಾರುವುದಿಲ್ಲ. ಮನೆಗೆ ಬಂದ ಮೇಲೆ ಡಿಫರೆನ್ಷಿಯಲ್ ಎಣ್ಣೆ ನೋಡಿಸು. ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಹೋಗಿದೆ, ಬದಲಿಸಲೇಬೇಕು. ಇನ್ಶೂರೆನ್ಸ್‌ನಲ್ಲಿ ಎಂಜಿನ್ ಪ್ರೊಟೆಕ್ಷನ್ ಅಂತ ಬೇರೆಯೇ ಬರೆಸದಿದ್ದರೆ ಹೀಗೆ ಹೋದ ಎಂಜಿನ್ನಿಗೆ ದುಡ್ಡು ಬರುವುದಿಲ್ಲ. ನಿಮ್ಮ ಮನೆಯ ಪಾಲಿಸಿ ತೆಗೆದು ಓದು.

ಮಲ್ಪೆಯ ಮರಳಿನಲ್ಲಿ ಓಡಿಸಬಹುದಾ?

ಬೇಡ. ಅಲ್ಲಿ ಮಕ್ಕಳು ಆಡುತ್ತಾರೆ, ಬಲೆ ಒಣಗಿಸುತ್ತಾರೆ. ಉಪ್ಪುನೀರು ಅಡಿಭಾಗವನ್ನು ತಿನ್ನುತ್ತದೆ. ಈಗಾಗಲೇ ಹೋಗಿ ಬಂದಿದ್ದರೆ ಇವತ್ತೇ ಸಿಹಿನೀರಿನಲ್ಲಿ ಅಡಿ ತೊಳೆಸಿ.

ಜಿಪ್ಸಿ ಅಷ್ಟು ಹೊಗಳುತ್ತೀರಲ್ಲ, ಮತ್ತೆ ಯಾಕೆ ಮಾರಿದಿರಿ?

ಹಿಂದಿನ ಸ್ಪ್ರಿಂಗ್ ಪಟ್ಟಿ ಕೂರುವ ಜಾಗದಲ್ಲಿ ಚಾಸಿ ತುಕ್ಕು ಹಿಡಿದು ತೂತಾಯಿತು. ಎರಡು ಸಲ ವೆಲ್ಡ್ ಮಾಡಿಸಿದೆ. ಮೂರನೇ ಸಲ ವೆಲ್ಡಿಂಗಿನವರು ಗಾಡಿಯ ಅಡಿಯಿಂದ ಹೊರಗೆ ಬಂದು, ಕೈ ಒರೆಸಿಕೊಂಡು, "ಇನ್ನು ಹಿಡಿಯಲಿಕ್ಕೆ ಕಬ್ಬಿಣವೇ ಇಲ್ಲ ಅಕ್ಕ" ಅಂದರು. ಗುಜರಿಯವರಿಗೆ ಕೊಟ್ಟೆ. ಅದರ ಹೈ-ಲೋ ಲಿವರ್ ಮಾತ್ರ ಬಿಚ್ಚಿಸಿ ಇಟ್ಟುಕೊಂಡಿದ್ದೇನೆ. ತೆಂಗಿನಕಾಯಿ ಕೋಣೆಯ ಬಾಗಿಲಿಗೆ ಅಗುಳಿಯಾಗಿದೆ.